ಬ್ಯಾಂಕಿನಿಂದ ಪ್ರವಾಹ ವಲಯದ ಪತ್ರ ಬಂದಿದೆಯೆ? ಅಮೆರಿಕದಲ್ಲಿ ಮನೆ ಕೊಂಡವರು ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ವಿಮೆ ಏಜೆಂಟನಲ್ಲ, ವಕೀಲನೂ ಅಲ್ಲ. ಹ್ಯೂಸ್ಟನ್ನಿನ ಪಶ್ಚಿಮದಲ್ಲಿ ಇಪ್ಪತ್ತು ವರ್ಷಗಳಿಂದ ಮನೆ ಮಾಡಿಕೊಂಡಿರುವ ಕನ್ನಡಿಗ. 2012ರಲ್ಲಿ ಸಾಲವನ್ನು ಬೇರೆ ಬ್ಯಾಂಕಿಗೆ ಬದಲಾಯಿಸಿದಾಗ ಒಂದು ಪತ್ರ ಬಂದು ಮೂರು ತಿಂಗಳು ನಿದ್ದೆಗೆಡಿಸಿತು. 2017ರಲ್ಲಿ ನೀರೇ ಬಂತು. ಅಂದಿನಿಂದ ಯುಗಾದಿಯ ಊಟವಿರಲಿ, ಗಣೇಶನ ಹಬ್ಬವಿರಲಿ, ಯಾರಾದರೊಬ್ಬರು ಇಂಥದೇ ಪತ್ರವನ್ನು ಮೊಬೈಲಿನಲ್ಲಿ ತೋರಿಸಿ ‘ಇದೇನು ಸ್ವಲ್ಪ ನೋಡಿ’ ಎನ್ನುತ್ತಾರೆ. ಆಗ ಹೇಳಿದ್ದನ್ನೇ ಇಲ್ಲಿ ಬರೆದಿಟ್ಟಿದ್ದೇನೆ.

ಬ್ಯಾಂಕು ಕಳಿಸಿದ ಈ ಕಾಗದದಲ್ಲಿ ಏನಿದೆ? ನನ್ನ ಮನೆ ಪ್ರವಾಹ ವಲಯದಲ್ಲಿದೆ ಎಂದು ತೀರ್ಮಾನಿಸಿದವರು ಯಾರು?

ಫೀಮಾ ಎಂಬ ಕೇಂದ್ರ ಸರ್ಕಾರದ ಸಂಸ್ಥೆ ನಕ್ಷೆ ಬರೆಯುತ್ತದೆ. ಆ ನಕ್ಷೆಯ ಮೇಲೆ ನಿಮ್ಮ ಮನೆ ಎಲ್ಲಿ ಬೀಳುತ್ತದೆ ಎಂದು ನೋಡಿ ಹೇಳುವ ಹೊಣೆ ಸಾಲ ಕೊಡುವವರದು. ಬ್ಯಾಂಕು ಈ ಕೆಲಸವನ್ನು ತಾನೇ ಮಾಡುವುದು ಕಡಿಮೆ. ಇದಕ್ಕೆಂದೇ ಇರುವ ಕಂಪನಿಗಳಿಗೆ ಒಪ್ಪಿಸುತ್ತದೆ. ಅವರು ಒಂದು ಸಿದ್ಧ ನಮೂನೆಯಲ್ಲಿ ಊರಿನ ಹೆಸರು, ನಕ್ಷೆಯ ಹಾಳೆಯ ಸಂಖ್ಯೆ, ಅದರ ದಿನಾಂಕ, ವಲಯದ ಅಕ್ಷರ ಇಷ್ಟನ್ನು ತುಂಬಿ ಕಳಿಸುತ್ತಾರೆ. ಮನೆಗೆ ಯಾರೂ ಬರುವುದಿಲ್ಲ, ಅಂಗಳವನ್ನು ಯಾರೂ ಅಳೆಯುವುದಿಲ್ಲ.

ಸರ್ಕಾರದ ಪ್ರವಾಹ ವಿಮೆ ಯೋಜನೆ ಶುರುವಾದದ್ದು 1968ರ ಕಾಯಿದೆಯಿಂದ. ಅದು ಕಡ್ಡಾಯವಾದದ್ದು 1973ರ ಕಾಯಿದೆಯಿಂದ. ಕಟ್ಟಡವು ಹೆಚ್ಚಿನ ಅಪಾಯದ ವಲಯದಲ್ಲಿದ್ದು, ಸಾಲವು ಸರ್ಕಾರದ ನಿಯಂತ್ರಣದಲ್ಲಿರುವ ಬ್ಯಾಂಕಿನದಾಗಿದ್ದರೆ ಅಥವಾ ಸರ್ಕಾರದ ಬೆಂಬಲ ಪಡೆದದ್ದಾಗಿದ್ದರೆ, ಸಾಲ ಇರುವವರೆಗೂ ಪ್ರವಾಹ ವಿಮೆ ಇರಲೇಬೇಕು. ಪೂರ್ತಿ ನಗದು ಕೊಟ್ಟು ಕೊಂಡವರಿಗೆ, ಸಾಲ ತೀರಿಸಿದವರಿಗೆ ಈ ಕಟ್ಟಳೆ ಇಲ್ಲ. ನದಿಗೆ ಮಾತ್ರ ಸಾಲ ತೀರಿದ ಸುದ್ದಿ ಮುಟ್ಟಿರುವುದಿಲ್ಲ.

ಎ, ಎಇ, ವಿಇ, ಎಕ್ಸ್ ಎಂಬ ಅಕ್ಷರಗಳಿಗೆ ಅರ್ಥವೇನು?

‘ಎ’ ಇಲ್ಲವೇ ‘ವಿ’ ಅಕ್ಷರದಿಂದ ಶುರುವಾಗುವುದೆಲ್ಲ ಹೆಚ್ಚಿನ ಅಪಾಯದ ವಲಯ. ವಿಮೆ ಕಡ್ಡಾಯವಾಗುವುದು ಇಲ್ಲಿಯೇ. ಎಇ ಎಂದರೆ ಪ್ರವಾಹದ ನೀರು ಎಷ್ಟು ಅಡಿ ಎತ್ತರಕ್ಕೆ ಬರುತ್ತದೆ ಎಂದು ಲೆಕ್ಕ ಹಾಕಿ ನಕ್ಷೆಯಲ್ಲಿ ನಮೂದಿಸಿದ ಜಾಗ. ಬರಿಯ ಎ ಎಂದಿದ್ದರೆ ಆ ಲೆಕ್ಕ ಆಗಿಲ್ಲ. ಎಎಚ್, ಎಒ ಎಂಬಲ್ಲಿ ನೀರು ಒಂದರಿಂದ ಮೂರು ಅಡಿಯವರೆಗೆ ನಿಲ್ಲುತ್ತದೆ ಅಥವಾ ಹರಡಿ ಹರಿಯುತ್ತದೆ. ವಿ ಮತ್ತು ವಿಇ ಕಡಲ ದಂಡೆಯವು. ನೀರಿನ ಜೊತೆಗೆ ಅಲೆಯ ಹೊಡೆತವೂ ಸೇರುತ್ತದೆ. ಎಕ್ಸ್ ಎಂದರೆ ಕಡಿಮೆ ಅಥವಾ ಮಧ್ಯಮ ಅಪಾಯ. ಅದರಲ್ಲೂ ಬಣ್ಣ ಹಚ್ಚಿದ ಎಕ್ಸ್ ಒಂದಿದೆ. ವರ್ಷಕ್ಕೆ ಸಾವಿರದಲ್ಲಿ ಎರಡು ಪಾಲು ಸಾಧ್ಯತೆಯ ಪ್ರವಾಹ ಅದನ್ನು ಮುಟ್ಟುತ್ತದೆ. ಹಳೆಯ ನಕ್ಷೆಗಳಲ್ಲಿ ಬಿ, ಸಿ ಎಂದಿರುವುದೂ ಈ ಎಕ್ಸ್ ಜಾತಿಯವೇ. ಡಿ ಎಂದರೆ ಯಾರೂ ಅಧ್ಯಯನ ಮಾಡಿಲ್ಲ ಎಂದಷ್ಟೇ ಅರ್ಥ, ಅಪಾಯ ಇಲ್ಲವೆಂದಲ್ಲ.

ನೂರು ವರ್ಷಕ್ಕೊಮ್ಮೆ ಬರುವ ಪ್ರವಾಹ ಎನ್ನುತ್ತಾರೆ. ಈಚೆಗೆ ತಾನೆ ಬಂದು ಹೋಗಿದೆ, ಇನ್ನು ನೂರು ವರ್ಷ ನಿಶ್ಚಿಂತೆಯಲ್ಲವೆ?

ಈ ಹೆಸರಿನಷ್ಟು ಜನರ ದಾರಿ ತಪ್ಪಿಸಿದ ಹೆಸರು ಇನ್ನೊಂದಿಲ್ಲ. ಅದರ ಅರ್ಥ ಪ್ರತಿ ವರ್ಷವೂ ನೂರರಲ್ಲಿ ಒಂದು ಪಾಲು ಸಾಧ್ಯತೆ ಎಂದು. ಚೌಕಾಬಾರದಲ್ಲಿ ಈ ಸಲ ಚೌಕ ಬಿದ್ದರೆ ಮುಂದಿನ ಸಲ ಬೀಳಬಾರದೆಂದು ಕವಡೆಗೆ ಯಾರೂ ಹೇಳಿಕೊಟ್ಟಿಲ್ಲ. 30 ವರ್ಷದ ಸಾಲದ ಅವಧಿಗೆ ಲೆಕ್ಕ ಹಾಕಿದರೆ ಒಮ್ಮೆಯಾದರೂ ಅಂಥ ನೀರು ಬರುವ ಸಾಧ್ಯತೆ ಸುಮಾರು 26 ಪ್ರತಿಶತ, ಅಂದರೆ ನಾಲ್ಕರಲ್ಲಿ ಒಂದು. ಹ್ಯೂಸ್ಟನ್ನಿನಲ್ಲಿ 2015ರ ಮೇ, 2016ರ ಏಪ್ರಿಲ್, 2017ರ ಆಗಸ್ಟ್ ಹೀಗೆ ಸಾಲಾಗಿ ಮೂರು ವರ್ಷ ದೊಡ್ಡ ಪ್ರವಾಹಗಳಾದವು.

ನಮ್ಮ ಮನೆ ಯಾವ ವಲಯ ಎಂದು ನಾವೇ ನೋಡಬಹುದೆ?

ಖಂಡಿತ. ಫೀಮಾದ ಫ್ಲಡ್ ಮ್ಯಾಪ್ ಸರ್ವಿಸ್ ಸೆಂಟರ್ ಎಂಬ ಜಾಲತಾಣದಲ್ಲಿ ವಿಳಾಸ ಕೊಟ್ಟರೆ ನಕ್ಷೆ ಬರುತ್ತದೆ, ಖರ್ಚಿಲ್ಲ. ಎರಡು ಎಚ್ಚರಿಕೆ. ಒಂದು, ವಿಳಾಸಕ್ಕೆ ಬೀಳುವ ಗುರುತು ಎಷ್ಟೋ ಸಲ ಬೀದಿಯ ಮೇಲೆ ಅಥವಾ ನಿವೇಶನದ ನಡುವೆ ಬಿದ್ದಿರುತ್ತದೆ. ಉಪಗ್ರಹ ಚಿತ್ರದಲ್ಲಿ ನಿಮ್ಮ ಚಾವಣಿಯನ್ನು ಹುಡುಕಿ ಅದರ ಮೇಲೆ ಗೆರೆ ಎಲ್ಲಿದೆ ಎಂದು ನೋಡಿ. ಇನ್ನೊಂದು, ನಕ್ಷೆಯ ಮೂಲೆಯಲ್ಲಿರುವ ದಿನಾಂಕ. ಹ್ಯೂಸ್ಟನ್ ಸೇರಿರುವ ನಮ್ಮ ಜಿಲ್ಲೆ, ಹ್ಯಾರಿಸ್ ಕೌಂಟಿಯ ನಕ್ಷೆಗಳು ಹೊಸದಾಗಿ ಜಾರಿಗೆ ಬಂದದ್ದು 2007ರಲ್ಲಿ, ಅದೂ 2001ರ ಆಲಿಸನ್ ಚಂಡಮಾರುತ ಊರನ್ನು ಮುಳುಗಿಸಿದ ಮೇಲೆ. ನಕ್ಷೆಯ ದಿನಾಂಕದ ನಂತರ ನಿಮ್ಮ ಕಡೆಗೆ ನೀರು ಹರಿದು ಬರುವ ಮೇಲ್ಭಾಗದಲ್ಲಿ ಎಷ್ಟು ಬಡಾವಣೆ, ಎಷ್ಟು ಕಾಂಕ್ರೀಟು ಬಂದಿದೆ ಎಂದು ನಕ್ಷೆಗೆ ಗೊತ್ತಿರುವುದಿಲ್ಲ.

ಹಿತ್ತಲಿನ ಒಂದು ಮೂಲೆ ಮಾತ್ರ ವಲಯದೊಳಗಿದೆ, ಮನೆ ಹೊರಗಿದೆ. ವಿಮೆ ಬೇಕೆ?

ಕಾನೂನು ನೋಡುವುದು ಕಟ್ಟಡವನ್ನು, ನಿವೇಶನವನ್ನಲ್ಲ. ಹಿತ್ತಲೆಲ್ಲ ಎಇ ವಲಯದಲ್ಲಿದ್ದು ಮನೆ ಎಕ್ಸ್‌ನಲ್ಲಿದ್ದರೆ ಕಡ್ಡಾಯವಿಲ್ಲ. ಮನೆಯ ಒಂದು ಮೂಲೆ ಗೆರೆಯ ಆಚೆ ಚಾಚಿದ್ದರೂ ಇಡೀ ಮನೆ ಒಳಗಿದ್ದಂತೆಯೇ. ವಾಸಕ್ಕಲ್ಲದ, ಬೇರೆಯಾಗಿ ನಿಂತಿರುವ ಶೆಡ್ಡುಗಳಿಗೆ 2014ರ ಕಾಯಿದೆ ವಿನಾಯಿತಿ ಕೊಟ್ಟಿದೆ. ಹುಲ್ಲು ಕತ್ತರಿಸುವ ಯಂತ್ರದ ಗೂಡಿಗೆ ವಿಮೆ ಮಾಡಿಸಬೇಕಿಲ್ಲ.

ನನಗಾದದ್ದು ಇದೇ ತಕರಾರು. ಹಳೆಯ ಬ್ಯಾಂಕಿನ ಕಾಗದ ಎಕ್ಸ್ ಎಂದಿತ್ತು. ಮನೆ ಕದಲಿರಲಿಲ್ಲ, ನಕ್ಷೆ ಬದಲಾಗಿರಲಿಲ್ಲ, ಹೊಸ ಬ್ಯಾಂಕಿನ ಕಾಗದ ಮಾತ್ರ ಎಇ ಎಂದಿತು. ಗೆರೆ ಹಿಂದಿನ ಗೋಡೆಯನ್ನು ಸವರಿಕೊಂಡು ಹೋಗಿತ್ತು. ಒಬ್ಬರು ಹೊರಗೆ ಎಂದು ಓದಿದರು, ಇನ್ನೊಬ್ಬರು ಒಳಗೆ ಎಂದು.

ಮನೆ ಎತ್ತರದಲ್ಲಿದೆ, ನಕ್ಷೆ ತಪ್ಪು ಎನಿಸುತ್ತದೆ. ಏನು ಮಾಡಬಹುದು?

‘ಲೋಮಾ’ಗೆ ಅರ್ಜಿ ಹಾಕಬಹುದು. ಅದು ನಕ್ಷೆಗೆ ತಿದ್ದುಪಡಿ ಮಾಡಿ ಫೀಮಾ ಕೊಡುವ ಪತ್ರ. ನಕ್ಷೆಯ ಒಂದೊಂದು ಹಾಳೆಯೂ ವಿಶಾಲ ಪ್ರದೇಶವನ್ನು ತೋರಿಸುವುದರಿಂದ ಚಿಕ್ಕ ದಿಬ್ಬಗಳು ಅದರಲ್ಲಿ ಕಾಣದೆ ಹೋಗಿರುತ್ತವೆ ಎಂದು ಫೀಮಾ ತಾನೇ ಒಪ್ಪಿಕೊಂಡು ಇಟ್ಟಿರುವ ದಾರಿ ಇದು. ಫೀಮಾಕ್ಕೆ ಶುಲ್ಕವಿಲ್ಲ. ಖರ್ಚಾಗುವುದು ಪರವಾನಗಿ ಇರುವ ಸರ್ವೇಯರಿಗೆ. ಎಲ್ಲ ಕಾಗದ ಕೈಸೇರಿದ ಮೇಲೆ ಸಾಮಾನ್ಯವಾಗಿ 60 ದಿನದೊಳಗೆ ಉತ್ತರ ಬರುತ್ತದೆ.

ಪರೀಕ್ಷೆ ಒಂದೇ. ಮನೆಗೆ ತಾಗಿದ ನೆಲದ ಅತಿ ತಗ್ಗಿನ ಬಿಂದು, ‘ಬೇಸ್ ಫ್ಲಡ್ ಎಲಿವೇಶನ್’ ಎನ್ನುವ ನೂರರಲ್ಲಿ ಒಂದರ ಪ್ರವಾಹದ ಮಟ್ಟಕ್ಕೆ ಸಮನಾಗಿರಬೇಕು ಇಲ್ಲವೇ ಅದಕ್ಕಿಂತ ಮೇಲಿರಬೇಕು. ಮನೆಯೊಳಗಿನ ನೆಲ ಎಷ್ಟು ಎತ್ತರವಿದೆ ಎಂಬುದು ಇಲ್ಲಿ ಲೆಕ್ಕಕ್ಕಿಲ್ಲ. ಎಷ್ಟೋ ಜನ ಎಡವುವುದು ಇಲ್ಲೇ.

ನಮ್ಮ ಮನೆಗೆ ಬಂದ ಸರ್ವೇಯರು ಮುಂಬಾಗಿಲನ್ನು ನೋಡಲೂ ಇಲ್ಲ. ಮುಕ್ಕಾಲಿಯ ಮೇಲೆ ಉಪಕರಣ ನಿಲ್ಲಿಸಿ, ಅಳತೆಗೋಲು ಹಿಡಿದು ಗೋಡೆಯ ಬುಡದಲ್ಲಿ ಸುತ್ತು ಹಾಕಿದ. ಎಸಿ ಯಂತ್ರದ ಪಕ್ಕ ಒಮ್ಮೆ, ಗ್ಯಾರೇಜಿನ ಮೂಲೆಯಲ್ಲಿ ಒಮ್ಮೆ. ಕೊನೆಗೆ ಹಿಂದಿನ ಮರದ ಡೆಕ್ಕಿನ ಹತ್ತಿರ ಬಂದು, ನನ್ನ ಹೆಂಡತಿ ಕರಿಬೇವಿನ ಕುಂಡ ಇಟ್ಟಿದ್ದ ಕಡೆ ನಿಂತ. ಕುಂಡ ಸರಿಸಿ ಎಂದ. ಮನೆಗೆ ಹೊಂದಿಕೊಂಡ ಡೆಕ್ಕು ಕೂಡ ಮನೆಯೇ. ಅದರ ಕಂಬ ಊರಿದ ನೆಲವೇ ನಮ್ಮ ಅತಿ ತಗ್ಗಿನ ಬಿಂದು. ಪ್ರವಾಹದ ಮಟ್ಟಕ್ಕಿಂತ ಅದು ಮೇಲಿದ್ದದ್ದು 0.4 ಅಡಿ, ಹೆಚ್ಚುಕಡಿಮೆ ಐದು ಅಂಗುಲ. ಆ ಐದು ಅಂಗುಲಕ್ಕೆ ನಮಗೆ ಲೋಮಾ ಸಿಕ್ಕಿತು.

ಪತ್ರ ಬಂದರೆ ಸರ್ಕಾರದ ಕಡ್ಡಾಯ ಹೋಗುತ್ತದೆ. ಬ್ಯಾಂಕು ತನ್ನ ಸ್ವಂತ ನಿಯಮದ ಪ್ರಕಾರ ಆಗಲೂ ವಿಮೆ ಕೇಳಬಹುದು. ಬ್ಯಾಂಕು ಬೇಡವೆಂದು ಬರೆದುಕೊಟ್ಟರೆ ಆ ವರ್ಷದ ಪ್ರೀಮಿಯಂ ವಾಪಸು ಕೇಳಲು ಅವಕಾಶವಿದೆ, ಕ್ಲೇಮು ಮಾಡಿರದಿದ್ದರೆ.

ಮಣ್ಣು ಹೊಡೆಸಿ ನಿವೇಶನ ಎತ್ತರಿಸಿದ್ದೇವೆ. ಅದಕ್ಕೂ ಲೋಮಾ ಸಿಗುತ್ತದೆಯೆ?

ಲೋಮಾ ಸಹಜವಾದ ನೆಲಕ್ಕೆ. ಮಣ್ಣು ತುಂಬಿಸಿ ಎತ್ತರಿಸಿದ ಜಾಗಕ್ಕೆ ಬೇರೆ ಅರ್ಜಿ ಇದೆ. ಅದಕ್ಕೆ ಶುಲ್ಕವಿದೆ, ಊರಿನ ಆಡಳಿತದ ಸಹಿಯೂ ಬೇಕು. ಮಣ್ಣು ಹೊಡೆಸುವ ಮೊದಲೇ ನಗರ ಕಚೇರಿಯಲ್ಲಿ ವಿಚಾರಿಸಿ. ನಿಮ್ಮ ನೀರನ್ನು ಪಕ್ಕದ ಮನೆಗೆ ಅಟ್ಟಲು ಯಾರೂ ಒಪ್ಪುವುದಿಲ್ಲ.

ಬ್ಯಾಂಕಿನ ಕಂಪನಿ ನಕ್ಷೆಯನ್ನೇ ತಪ್ಪಾಗಿ ಓದಿದೆ. ಅದಕ್ಕೂ ಸರ್ವೇ ಮಾಡಿಸಬೇಕೆ?

ಮನೆ ಗೆರೆಯಿಂದ ಸ್ಪಷ್ಟವಾಗಿ ಹೊರಗಿದ್ದರೆ ಮೊದಲು ಆ ಕಂಪನಿಗೇ ಬರೆಯಿರಿ, ನಿವೇಶನದ ನಕ್ಷೆಯನ್ನೂ ಮನೆಯ ಚಿತ್ರವನ್ನೂ ಜೋಡಿಸಿ. ಅನೇಕ ಸಲ ಅಲ್ಲಿಗೇ ಮುಗಿಯುತ್ತದೆ. ಮುಗಿಯದಿದ್ದರೆ ನೀವೂ ಬ್ಯಾಂಕೂ ಸೇರಿ, ಬ್ಯಾಂಕು ನಿಮಗೆ ತಿಳಿಸಿದ 45 ದಿನದೊಳಗೆ, ಫೀಮಾ ಮರುಪರಿಶೀಲಿಸಲಿ ಎಂದು ಕೇಳಬಹುದು. ಇಲ್ಲಿ ಎತ್ತರದ ಮಾತಿಲ್ಲ, ನಕ್ಷೆಯ ಮೇಲೆ ಮನೆ ಎಲ್ಲಿ ಕೂತಿದೆ ಎಂಬುದಷ್ಟೇ.

ಎಷ್ಟು ಮೊತ್ತಕ್ಕೆ ವಿಮೆ ಮಾಡಿಸಬೇಕು?

ಮೂರು ಅಂಕಿಗಳಲ್ಲಿ ಯಾವುದು ಚಿಕ್ಕದೋ ಅದು: ಉಳಿದಿರುವ ಸಾಲ, ಮನೆಯನ್ನು ಮತ್ತೆ ಕಟ್ಟಲು ತಗಲುವ ವೆಚ್ಚ (ಜಾಗದ ಬೆಲೆ ಬಿಟ್ಟು), ಮತ್ತು ಸರ್ಕಾರದ ಯೋಜನೆಯ ಗರಿಷ್ಠ ಮಿತಿ. ವಾಸದ ಮನೆಗೆ ಆ ಮಿತಿ 2,50,000 ಡಾಲರ್. ಒಳಗಿನ ಸಾಮಾನಿಗೆ ಬೇರೆಯಾಗಿ 1,00,000 ಡಾಲರ್‌ವರೆಗೆ ಕೊಳ್ಳಬಹುದು. ಮನೆಸಾಲದಲ್ಲಿ ಅಡವಿರುವುದು ಕಟ್ಟಡವಾದ್ದರಿಂದ ಸಾಮಾನಿನ ವಿಮೆಯನ್ನು ಬ್ಯಾಂಕು ಸಾಮಾನ್ಯವಾಗಿ ಕೇಳುವುದಿಲ್ಲ, ಆದ್ದರಿಂದ ಜನ ಮರೆಯುತ್ತಾರೆ. ಸೋಫಾ ನೀರಿನಲ್ಲಿ ತೇಲುವಾಗ ನೆನಪಾಗುತ್ತದೆ.

ಒಂದು ಉದಾಹರಣೆ. ಸಾಲ 1,40,000 ಡಾಲರ್ ಉಳಿದಿದೆ, ಮತ್ತೆ ಕಟ್ಟಲು 3,00,000 ಬೇಕು. ಬ್ಯಾಂಕಿಗೆ 1,40,000ದ ವಿಮೆ ಸಾಕು. ನಿಮಗೆ ಸಾಕೆ? ನೀವೇ ವಾಸವಿರುವ ಮನೆಗೆ ಹೊಸದರ ಬೆಲೆಯ ಲೆಕ್ಕದಲ್ಲಿ ಪರಿಹಾರ ಸಿಗಬೇಕಾದರೆ, ಮತ್ತೆ ಕಟ್ಟುವ ವೆಚ್ಚದ 80 ಪ್ರತಿಶತಕ್ಕಾದರೂ, ಇಲ್ಲವೇ ಗರಿಷ್ಠ ಮಿತಿಗೆ, ವಿಮೆ ಇರಬೇಕು. ಇಲ್ಲಿ 80 ಪ್ರತಿಶತ ಎಂದರೆ 2,40,000. ಬ್ಯಾಂಕು ಹೇಳಿದ ಅಂಕಿಗೆ ನಿಲ್ಲಿಸಿದರೆ ಬ್ಯಾಂಕಿನ ದುಡ್ಡು ಭದ್ರ, ನಿಮ್ಮದು ನೀರಿನಲ್ಲಿ.

ಪತ್ರವನ್ನು ಸುಮ್ಮನೆ ಪಕ್ಕಕ್ಕಿಟ್ಟರೆ ಏನಾಗುತ್ತದೆ?

ತಿಳಿಸಿದ 45 ದಿನದೊಳಗೆ ನೀವು ವಿಮೆ ತೋರಿಸದಿದ್ದರೆ ಬ್ಯಾಂಕು ತಾನೇ ಒಂದನ್ನು ಕೊಂಡು ಅದರ ದುಡ್ಡನ್ನು ನಿಮ್ಮ ಮೇಲೆ ಹಾಕುತ್ತದೆ. ಇಂಥ ಪಾಲಿಸಿ ಸಾಮಾನ್ಯವಾಗಿ ದುಬಾರಿ, ಕಾಯುವುದು ಹೆಚ್ಚಾಗಿ ಬ್ಯಾಂಕಿನ ಹಿತವನ್ನು. ಪರಿಚಯದ ಕುಟುಂಬವೊಂದು ಬೇಸಿಗೆ ರಜೆಗೆ ಮಕ್ಕಳನ್ನು ಕರೆದುಕೊಂಡು ಮೈಸೂರಿಗೆ ಹೋಗಿ ಎರಡು ತಿಂಗಳ ಮೇಲೆ ಬಂದಾಗ ಅಂಚೆಪೆಟ್ಟಿಗೆಯಲ್ಲಿ ಮೂರು ಪತ್ರಗಳಿದ್ದವು: ಮೊದಲ ಸೂಚನೆ, ಎರಡನೆಯ ಸೂಚನೆ, ಕೊಂಡಾಯಿತು ಎಂಬ ಮೂರನೆಯದು. ಊರಿಗೆ ಹೊರಡುವ ಮುನ್ನ ಹಾಲಿನವನಿಗೆ ಹೇಳುತ್ತಿದ್ದ ಹಾಗೆ, ಇಲ್ಲಿ ಅಂಚೆ ನೋಡಲು ಯಾರಿಗಾದರೂ ಹೇಳಿ ಹೋಗಿ.

ಆಮೇಲಾದರೂ ನಿಮ್ಮದೇ ವಿಮೆಯ ಪುರಾವೆ ಕೊಟ್ಟರೆ 30 ದಿನದೊಳಗೆ ಬ್ಯಾಂಕು ತನ್ನದನ್ನು ರದ್ದು ಮಾಡಿ, ಎರಡೂ ಜಾರಿಯಲ್ಲಿದ್ದ ದಿನಗಳ ಹಣವನ್ನು ಹಿಂತಿರುಗಿಸಬೇಕು. ಇದು ಕಾನೂನು; ಕೇಳಲು ಸಂಕೋಚ ಬೇಡ.

ಮನೆಗೆ ವಿಮೆ ಆಗಲೇ ಇದೆಯಲ್ಲ. ಅದರಲ್ಲಿ ಪ್ರವಾಹ ಸೇರಿಲ್ಲವೆ?

ಸೇರಿಲ್ಲ. ಭಾರತದಿಂದ ಬಂದವರಿಗೆ ಇದನ್ನು ನಂಬುವುದು ಕಷ್ಟ, ಏಕೆಂದರೆ ಅಲ್ಲಿ 2021ರ ಏಪ್ರಿಲ್‌ನಿಂದ ಜಾರಿಯಲ್ಲಿರುವ ಭಾರತ್ ಗೃಹ ರಕ್ಷಾ ಎಂಬ ಸಿದ್ಧ ಪಾಲಿಸಿಯಲ್ಲಿ ಬೆಂಕಿಯ ಜೊತೆಗೆ ಪ್ರವಾಹವೂ ಸೇರಿಯೇ ಇದೆ. ಅಮೆರಿಕದ ಸಾಮಾನ್ಯ ಮನೆ ವಿಮೆ ಪ್ರವಾಹವನ್ನು ಹೊರಗಿಡುತ್ತದೆ. ಮೇಲಿನಿಂದ ಬಿದ್ದ ನೀರು, ಅಂದರೆ ಗಾಳಿಗೆ ಚಾವಣಿ ಕಿತ್ತು ಸುರಿದ ಮಳೆ, ಒಡೆದ ಕೊಳಾಯಿ, ಮನೆ ವಿಮೆಯ ಪಾಲು. ನೆಲದ ಮೇಲೆ ಹರಿದು ಬಂದ ನೀರು ಪ್ರವಾಹ ವಿಮೆಯ ಪಾಲು. ಅದೂ ಸಾಮಾನ್ಯವಾಗಿ ಒಣಗಿರುವ ಎರಡು ಎಕರೆ ನೆಲ, ಇಲ್ಲವೇ ನಿಮ್ಮದೂ ಸೇರಿ ಎರಡು ಆಸ್ತಿಗಳು, ನೀರಿನಡಿ ಬಂದಿರಬೇಕು. ನಿಮ್ಮ ಚರಂಡಿಯೊಂದೇ ಉಕ್ಕಿ ಶೌಚಾಲಯದಿಂದ ನೀರು ಮೇಲೆ ಬಂದರೆ ಎರಡು ವಿಮೆಗಳೂ ಕೈ ತೊಳೆದುಕೊಳ್ಳಬಹುದು. ಅದಕ್ಕೆ ಮನೆ ವಿಮೆಯಲ್ಲೇ ಪ್ರತ್ಯೇಕ ಸೇರ್ಪಡೆ ಸಿಗುತ್ತದೆ, ಕೇಳಿ ಹಾಕಿಸಿಕೊಳ್ಳಿ.

ನಾವು ಎಕ್ಸ್ ವಲಯದವರು, ಬ್ಯಾಂಕು ಏನೂ ಕೇಳಿಲ್ಲ. ನಮಗೇಕೆ ಬೇಕು?

ನಕ್ಷೆಯ ಗೆರೆ ಬ್ಯಾಂಕಿಗಾಗಿ ಎಳೆದದ್ದು. ಎಲ್ಲಿಂದ ಕಡ್ಡಾಯ, ಎಲ್ಲಿಂದ ಐಚ್ಛಿಕ ಎಂದು ಅದು ಹೇಳುತ್ತದೆ, ಅಷ್ಟೇ. ಗೆರೆಯ ಈಚೆ ನೂರರಲ್ಲಿ ಒಂದು ಸಾಧ್ಯತೆ ಇದ್ದು ಆಚೆ ಅದು ಸೊನ್ನೆಯಾಗುವುದಿಲ್ಲ.

2017ರ ಹಾರ್ವಿ ಚಂಡಮಾರುತದಲ್ಲಿ ಹ್ಯಾರಿಸ್ ಕೌಂಟಿಯೊಂದರಲ್ಲೇ ಒಂದೂವರೆ ಲಕ್ಷಕ್ಕೂ ಹೆಚ್ಚು ಮನೆಗಳಿಗೆ ನೀರು ನುಗ್ಗಿತು. ಅವುಗಳಲ್ಲಿ ಸುಮಾರು ಮೂರನೆಯ ಎರಡು ಭಾಗ ಕಡ್ಡಾಯ ವಲಯದ ಹೊರಗಿದ್ದವು. ಹೆಚ್ಚಿನವರಿಗೆ ಪ್ರವಾಹ ವಿಮೆ ಇರಲಿಲ್ಲ. ನಮ್ಮ ಕಡೆ ಇನ್ನೂ ಒಂದು ವಿಚಿತ್ರವಿತ್ತು. ಆಡಿಕ್ಸ್, ಬಾರ್ಕರ್ ಎಂಬ ಎರಡು ತಡೆ ಜಲಾಶಯಗಳನ್ನು ಸೇನೆಯ ಎಂಜಿನಿಯರ್ ವಿಭಾಗ 1940ರ ದಶಕದಲ್ಲಿ ಕಟ್ಟಿತು. ಅವು ತುಂಬಿದರೆ ನೀರು ಎಲ್ಲಿಯವರೆಗೆ ನಿಲ್ಲಬಹುದೋ ಆ ಜಾಗವನ್ನೆಲ್ಲ ಸರ್ಕಾರ ಕೊಂಡಿರಲಿಲ್ಲ. ಒಣಗಿ ನಿಂತ ಆ ಹೊರ ಅಂಚಿನಲ್ಲಿ ಬಡಾವಣೆಗಳು ಎದ್ದವು, ಒಳ್ಳೆಯ ಶಾಲೆಗಳು ಬಂದವು, ನಮ್ಮವರು ಸಾಲುಸಾಲಾಗಿ ಮನೆ ಕೊಂಡರು. ಕೆಲವು ಬಡಾವಣೆಗಳ ನೋಂದಣಿ ನಕ್ಷೆಯಲ್ಲಿ ‘ಈ ಜಾಗ ಜಲಾಶಯದ ನೀರಿಗೆ ಒಳಗಾಗಬಹುದು’ ಎಂಬ ಅರ್ಥದ ಸಾಲು ಸಣ್ಣ ಅಕ್ಷರದಲ್ಲಿ ಇತ್ತಂತೆ. ಮನೆ ಕೊಳ್ಳುವಾಗ ಅದನ್ನು ಓದಿದವರನ್ನು ನಾನಂತೂ ನೋಡಿಲ್ಲ. ಪ್ರವಾಹ ನಕ್ಷೆಯಲ್ಲಿ ಅಲ್ಲಿನ ಸಾವಿರಾರು ಮನೆಗಳು ಎಕ್ಸ್. 2017ರಲ್ಲಿ ಕೆರೆಯಂಗಳ ತಾನು ಕೆರೆಯಂಗಳವೆಂದು ನೆನಪಿಸಿತು. 2019ರ ಕೊನೆಯಲ್ಲಿ ಒಕ್ಕೂಟದ ನ್ಯಾಯಾಲಯ ಮೇಲ್ಭಾಗದ ಮನೆಗಳ ವಿಷಯದಲ್ಲಿ ಸರ್ಕಾರವೇ ಹೊಣೆ ಎಂದಿತು. ಬೆಂಗಳೂರಿನ ಸರ್ಜಾಪುರ ರಸ್ತೆಯ ಲೇಔಟುಗಳು 2022ರ ಸೆಪ್ಟೆಂಬರ್‌ನಲ್ಲಿ ಮುಳುಗಿದ ಸುದ್ದಿ ಓದಿದಾಗ ನನಗೆ ನೆನಪಾದದ್ದು ಇದೇ.

ನನ್ನ ವಿಷಯ ಹೇಳಿಬಿಡುತ್ತೇನೆ. ಲೋಮಾ ಬಂದ ಸಂತೋಷಕ್ಕೆ ಪಾಲಿಸಿಯನ್ನು ನಿಲ್ಲಿಸಿದ್ದೆ. 2015ರ ಮೇ ತಿಂಗಳಲ್ಲಿ ನೀರು ಡೆಕ್ಕಿನ ಮೆಟ್ಟಿಲವರೆಗೆ ಬಂದು ಹಿಂದೆ ಹೋಯಿತು. ಮರುದಿನವೇ ಹೆಂಡತಿ ಏಜೆಂಟರಿಗೆ ಫೋನು ಮಾಡಿಸಿದಳು. ಹಾರ್ವಿಯಲ್ಲಿ ಮನೆಯೊಳಗೆ ನಾಲ್ಕು ಅಂಗುಲ ನೀರು ನಿಂತಿತು. ನಾಲ್ಕೇ ಅಂಗುಲ. ಆದರೆ ಗೋಡೆಯ ಶೀಟ್‌ರಾಕ್ ಎಂಬ ಜಿಪ್ಸಮ್ ಹಲಗೆ ದೀಪದ ಬತ್ತಿಯಂತೆ ನೀರನ್ನು ಮೇಲಕ್ಕೆಳೆದುಕೊಳ್ಳುತ್ತದೆ. ಸೊಂಟದೆತ್ತರಕ್ಕೆ ಎಲ್ಲ ಗೋಡೆಗಳನ್ನೂ ಕೊಯ್ದು ತೆಗೆಯಬೇಕಾಯಿತು. ಒಂದು ಅಂಗುಲ ನೀರು 25,000 ಡಾಲರ್ ನಷ್ಟ ಮಾಡಬಲ್ಲದು ಎಂದು ಫೀಮಾ ಹೇಳುವುದನ್ನು ಮೊದಲು ನಾನೂ ಹೆದರಿಸುವ ಮಾತು ಎಂದುಕೊಂಡಿದ್ದೆ.

ಪ್ರೀಮಿಯಂ ಹೇಗೆ ನಿಗದಿಯಾಗುತ್ತದೆ? ಪಕ್ಕದ ಮನೆಯವರಿಗಿಂತ ನನಗೇಕೆ ಹೆಚ್ಚು?

2021ರ ಅಕ್ಟೋಬರ್ 1ರಿಂದ ಹೊಸ ಪಾಲಿಸಿಗಳಿಗೆ, 2022ರ ಏಪ್ರಿಲ್ 1ರಿಂದ ಹಳೆಯವಕ್ಕೂ ‘ರಿಸ್ಕ್ ರೇಟಿಂಗ್ 2.0’ ಎಂಬ ಲೆಕ್ಕ ಬಂದಿದೆ. ವಲಯದ ಅಕ್ಷರ ಈಗ ದರವನ್ನು ತೀರ್ಮಾನಿಸುವುದಿಲ್ಲ. ಮನೆ ನೀರಿನಿಂದ ಎಷ್ಟು ದೂರ, ಎಷ್ಟು ಎತ್ತರ, ಮತ್ತೆ ಕಟ್ಟಲು ಎಷ್ಟು ಖರ್ಚು, ವಾಸದ ಅತಿ ಕೆಳಗಿನ ಅಂತಸ್ತು ನೆಲದಿಂದ ಎಷ್ಟು ಮೇಲಿದೆ ಎಂಬುದೆಲ್ಲ ಸೇರುತ್ತದೆ. ವಲಯದ ಅಕ್ಷರಕ್ಕೆ ಉಳಿದಿರುವ ಕೆಲಸ ಕಡ್ಡಾಯ ಹೌದೋ ಅಲ್ಲವೋ ಎಂದು ಹೇಳುವುದು. ಎಲಿವೇಶನ್ ಸರ್ಟಿಫಿಕೇಟ್ (ಮನೆಯ ಎತ್ತರವನ್ನು ಅಳೆದು ಕೊಡುವ ಪತ್ರ) ಈಗ ಅಗತ್ಯವಲ್ಲ, ಇದ್ದರೆ ಕೊಟ್ಟು ನೋಡಿ. ದರ ಇಳಿಯುವಂತಿದ್ದರೆ ಮಾತ್ರ ಲೆಕ್ಕಕ್ಕೆ ತೆಗೆದುಕೊಳ್ಳುತ್ತಾರೆ.

ನೀವೇ ವಾಸವಿರುವ ಮನೆಯ ಪ್ರೀಮಿಯಂ ಅನ್ನು ಸಾಮಾನ್ಯವಾಗಿ ವರ್ಷಕ್ಕೆ 18 ಪ್ರತಿಶತಕ್ಕಿಂತ ಹೆಚ್ಚು ಏರಿಸುವಂತಿಲ್ಲ. ಬಾಡಿಗೆಗೆ ಕೊಟ್ಟ ಎರಡನೆಯ ಮನೆಗೆ ಆ ಮಿತಿ 25 ಪ್ರತಿಶತ ಆಗಬಹುದು. ವರ್ಷಕ್ಕೊಮ್ಮೆ ಹಾಕುವ ಒಂದು ಹೆಚ್ಚುವರಿ ಶುಲ್ಕವೂ ಇದೆ: ವಾಸದ ಮನೆಗೆ 25 ಡಾಲರ್, ಇಲ್ಲದಿದ್ದರೆ 250. ಹೊಸ ಮನೆಗೆ ಹೋಗಿ ಹಳೆಯದನ್ನು ಬಾಡಿಗೆಗೆ ಕೊಟ್ಟವರ ಪ್ರೀಮಿಯಂ ಇದ್ದಕ್ಕಿದ್ದಂತೆ ಏರುವುದು ಇದರಿಂದ.

ಸರ್ಕಾರದ ಯೋಜನೆಯ ಪಾಲಿಸಿಯನ್ನು ಯಾವ ಕಂಪನಿಯಿಂದ ಕೊಂಡರೂ ದರ ಒಂದೇ. ಹತ್ತು ಕಡೆ ಚೌಕಾಸಿ ಮಾಡಿ ಪ್ರಯೋಜನವಿಲ್ಲ. ರಿಯಾಯಿತಿ ಬರುವುದು ಊರಿನಿಂದ: ಪ್ರವಾಹ ತಡೆಯಲು ನಿಮ್ಮ ಊರಿನ ಆಡಳಿತ ಕೆಲಸ ಮಾಡಿದ್ದರೆ 5ರಿಂದ 45 ಪ್ರತಿಶತದವರೆಗೆ ಕಡಿತ ಸಿಗುತ್ತದೆ. ಮನೆ ಕೊಳ್ಳುವಾಗ ಇನ್ನೊಂದನ್ನು ಕೇಳಿ: ಮಾರುವವರ ಹತ್ತಿರ ಸರ್ಕಾರಿ ಪಾಲಿಸಿ ಇದ್ದರೆ ಅದನ್ನೇ ನಿಮ್ಮ ಹೆಸರಿಗೆ ವರ್ಗಾಯಿಸಬಹುದು, ಅವರ ಕಡಿಮೆ ದರದಿಂದಲೇ ನಿಮ್ಮ ಏರಿಕೆ ಶುರುವಾಗುತ್ತದೆ.

ಟಿವಿಯಲ್ಲಿ ಚಂಡಮಾರುತ ಬರುತ್ತಿದೆ ಎನ್ನುತ್ತಿದ್ದಾರೆ. ಇವತ್ತು ಕೊಂಡರೆ ಆದೀತೆ?

ಆಗದು. 30 ದಿನ ಕಾಯಬೇಕು. ಸಾಲ ಪಡೆಯುವಾಗ ಅಥವಾ ಬದಲಾಯಿಸುವಾಗ ಅದರ ಭಾಗವಾಗಿ ಕೊಂಡರೆ ಕಾಯುವುದಿಲ್ಲ. ನಕ್ಷೆ ಬದಲಾಗಿ ನೀವು ಹೊಸದಾಗಿ ವಲಯಕ್ಕೆ ಸೇರಿದ್ದರೆ 13 ತಿಂಗಳೊಳಗೆ ಕೊಂಡರೆ ಒಂದೇ ದಿನ. ಚಂಡಮಾರುತದ ಕಾಲ ಜೂನ್ 1ರಿಂದ ನವೆಂಬರ್ 30. ಯುಗಾದಿಯ ಹೊತ್ತಿಗೆ ಮುಗಿಸಿಕೊಳ್ಳಿ ಎಂದು ನಾನು ಹೇಳುವುದು ಅದಕ್ಕೆ. ನವೀಕರಣ ಮರೆತರೆ 30 ದಿನದ ಅವಕಾಶವಿದೆ, ಅದರಾಚೆ ಮತ್ತೆ ಮೊದಲಿನಿಂದ.

ಚಿನ್ನ, ರೇಷ್ಮೆ ಸೀರೆ, ದೇವರ ಬೆಳ್ಳಿ ಸಾಮಾನು?

ಇದನ್ನು ಕೇಳದೆ ಯಾರೂ ಹೋಗುವುದಿಲ್ಲ. ಒಡವೆ, ಕೈಗಡಿಯಾರ, ಚಿನ್ನ ಬೆಳ್ಳಿಯ ವಸ್ತುಗಳು, ಕಲಾಕೃತಿಗಳು ಎಲ್ಲ ಸೇರಿ ಒಟ್ಟು ಪರಿಹಾರ 2,500 ಡಾಲರ್. ಒಂದು ಜೊತೆ ಬಳೆಗೂ ಸಾಲದು. ನಗದು, ನಾಣ್ಯಗಳಿಗೆ ಏನೂ ಇಲ್ಲ. ಸೀರೆಗಳು ಬಟ್ಟೆಯ ಲೆಕ್ಕದಲ್ಲಿ ಬರುತ್ತವೆ, ಸಾಮಾನಿನ ವಿಮೆ ಇದ್ದರೆ. ಅದೂ ಸವಕಳಿ ಕಳೆದು. ಮದುವೆಯ ಧರ್ಮಾವರಂ ಸೀರೆ ವರ್ಷ ಕಳೆದಂತೆ ಅಮೂಲ್ಯವಾಗುತ್ತದೆ ಎಂದು, ವಿಮೆಯ ಕಡೆಯಿಂದ ನಷ್ಟದ ಲೆಕ್ಕ ಹಾಕಲು ಬಂದವನಿಗೆ ನನ್ನ ಹೆಂಡತಿ ಹೇಳಿದಳು. ಅವನು ವಿನಯದಿಂದ ಕೇಳಿಸಿಕೊಂಡು ‘ಬಟ್ಟೆ, ಹದಿನೆಂಟು ವರ್ಷ ಹಳೆಯದು’ ಎಂದು ಬರೆದುಕೊಂಡ. ಇವನ್ನು ಮೇಲಿನ ಅಟ್ಟದಲ್ಲಿಡಿ, ಒಡವೆಗೆ ಬೇರೆ ವಿಮೆ ಮಾಡಿಸಿ.

ಕಾರಿಗೆ ಕಾರಿನ ವಿಮೆಯೇ ಆಗಬೇಕು. ಮನೆ ದುರಸ್ತಿಯಾಗುವವರೆಗೆ ಹೋಟೆಲಿನಲ್ಲಿ ಇರುವ ಖರ್ಚನ್ನು ಸರ್ಕಾರದ ಯೋಜನೆ ಕೊಡುವುದಿಲ್ಲ.

ನ್ಯೂಜೆರ್ಸಿಯಲ್ಲಿದ್ದೇವೆ. ಬೇಸ್‌ಮೆಂಟಿನಲ್ಲಿ ದೇವರ ಮನೆ, ಹೋಮ್ ಥಿಯೇಟರ್ ಮಾಡಿಸಿದ್ದೇವೆ. ಅದಕ್ಕೆ ಸಿಗುತ್ತದೆಯೆ?

ಬಹುಮಟ್ಟಿಗೆ ಇಲ್ಲ. ನಾಲ್ಕೂ ಕಡೆ ನೆಲಮಟ್ಟಕ್ಕಿಂತ ಕೆಳಗಿರುವ ನೆಲ ಇದ್ದರೆ ಅದು ಬೇಸ್‌ಮೆಂಟು. ಅಲ್ಲಿ ಫರ್ನೇಸ್, ನೀರು ಕಾಯಿಸುವ ಯಂತ್ರ, ವಿದ್ಯುತ್ ಫಲಕದಂಥವಕ್ಕೆ ಪರಿಹಾರವಿದೆ. ಸಾಮಾನಿನ ವಿಮೆ ಇದ್ದರೆ ಬಟ್ಟೆ ಒಗೆಯುವ ಯಂತ್ರಕ್ಕೂ ಫ್ರೀಜರಿಗೂ ಉಂಟು. ಕಾರ್ಪೆಟ್ಟು, ಅಲಂಕಾರದ ಗೋಡೆ, ಸೋಫಾ, ಟಿವಿ, ಮಂಟಪಕ್ಕೆ ಇಲ್ಲ. 2021ರ ಸೆಪ್ಟೆಂಬರ್ 1ರ ರಾತ್ರಿ ಐಡಾ ಚಂಡಮಾರುತದ ಉಳಿಕೆ ಸುರಿದಾಗ ಆ ರಾಜ್ಯದ ಎಷ್ಟೋ ಮನೆಗಳಲ್ಲಿ ನೀರು ಮೊದಲು ತುಂಬಿದ್ದು ಬೇಸ್‌ಮೆಂಟನ್ನೇ.

ಕಾಂಡೋ (ಸ್ವಂತದ ಅಪಾರ್ಟ್‌ಮೆಂಟ್) ಅಥವಾ ಬಾಡಿಗೆ ಮನೆಯಲ್ಲಿರುವವರು?

ಕಾಂಡೋ ಕಟ್ಟಡಕ್ಕೆ ಸಂಘವೇ ವಿಮೆ ಮಾಡಿಸಿರಬೇಕು. ಮೊತ್ತ ಸಾಕಷ್ಟಿದೆಯೆ ಎಂದು ಕೇಳಿ ನೋಡಿ. ಬಾಡಿಗೆಯವರು ಸಾಮಾನಿಗೆ ಮಾತ್ರ ಕೊಳ್ಳಬಹುದು.

ಖಾಸಗಿ ಕಂಪನಿಯ ಪ್ರವಾಹ ವಿಮೆಯನ್ನು ಬ್ಯಾಂಕು ಒಪ್ಪುತ್ತದೆಯೆ?

2019ರ ಜುಲೈ 1ರಿಂದ, ನಿಗದಿತ ಷರತ್ತುಗಳಿಗೆ ಹೊಂದುವ ಖಾಸಗಿ ಪಾಲಿಸಿಯನ್ನು ಬ್ಯಾಂಕುಗಳು ಒಪ್ಪಲೇಬೇಕು. ಎಫ್‌ಎಚ್‌ಎ ಎಂಬ ಸರ್ಕಾರಿ ಸಂಸ್ಥೆ ಖಾತರಿ ಕೊಡುವ ಸಾಲಗಳಿಗೂ 2022ರ ಡಿಸೆಂಬರ್‌ನಿಂದ ಅವಕಾಶವಾಗಿದೆ. ಕೆಲವು ಅಗ್ಗ, ಕೆಲವು ಹೋಟೆಲಿನ ಖರ್ಚನ್ನೂ ಕೊಡುತ್ತವೆ, ಎರಡೂವರೆ ಲಕ್ಷಕ್ಕಿಂತ ಹೆಚ್ಚಿನ ಮೊತ್ತಕ್ಕೂ ಸಿಗುತ್ತವೆ. ನನ್ನ ಅಳುಕು ಒಂದೇ: ದೊಡ್ಡ ಪ್ರವಾಹದ ಮರುವರ್ಷ ಖಾಸಗಿಯವರು ನವೀಕರಿಸದಿರಬಹುದು, ಆಗ ಸರ್ಕಾರದ ಯೋಜನೆಗೆ ಮರಳಿದರೆ ಹಳೆಯ ಕಡಿಮೆ ದರ ಸಿಗುವುದಿಲ್ಲ. ಸರ್ಕಾರದ್ದೂ ದೋಷವಿಲ್ಲದ್ದಲ್ಲ, ಅದರ ಅವಧಿಯನ್ನು ಕಾಂಗ್ರೆಸ್ ತುಂಡುತುಂಡಾಗಿ ವಿಸ್ತರಿಸುತ್ತ ಬಂದಿದೆ, 2025ರ ಅಕ್ಟೋಬರ್‌ನಲ್ಲಿ ಸರ್ಕಾರಿ ಕಚೇರಿಗಳು ಬಾಗಿಲು ಹಾಕಿದಾಗ ಹೊಸ ಪಾಲಿಸಿಗಳ ಮಾರಾಟವೇ ನಿಂತಿತ್ತು.

ಮನೆ ಕೊಳ್ಳುವ ಮುಂಚೆ ಹಿಂದಿನ ಪ್ರವಾಹದ ಕತೆ ತಿಳಿಯುವುದು ಹೇಗೆ?

ಟೆಕ್ಸಸ್‌ನಲ್ಲಿ 2019ರ ಸೆಪ್ಟೆಂಬರ್‌ನಿಂದ ಮಾರುವವರು ಹಿಂದೆ ನೀರು ಬಂದಿತ್ತೆ, ಮನೆ ಪ್ರವಾಹ ವಲಯದಲ್ಲಿದೆಯೆ, ಜಲಾಶಯದ ವ್ಯಾಪ್ತಿಯಲ್ಲಿದೆಯೆ ಎಂದು ಬರೆದುಕೊಡಬೇಕು. ನ್ಯೂಜೆರ್ಸಿಯಲ್ಲಿ 2024ರ ಮಾರ್ಚ್‌ನಿಂದ ಮಾರುವವರೂ ಬಾಡಿಗೆಗೆ ಕೊಡುವವರೂ ಹೇಳಬೇಕು. ಎಲ್ಲ ರಾಜ್ಯಗಳಲ್ಲೂ ಹೀಗಿಲ್ಲ. ಕಾಗದಕ್ಕಿಂತ ನಾನು ನಂಬುವುದು ಪಕ್ಕದ ಮನೆಯ ಹಿರಿಯರನ್ನು. ಮನೆ ನೋಡಲು ಹೋದಾಗ ಅವರ ಜೊತೆ ಹತ್ತು ನಿಮಿಷ ಮಾತಾಡಿ. ನೀರು ಎಲ್ಲಿಯವರೆಗೆ ಬಂದಿತ್ತು ಎಂದು ಕೈ ತೋರಿಸಿ ಹೇಳುತ್ತಾರೆ.

ಪ್ರವಾಹ ವಲಯದ ಹಳೆಯ ಮನೆ ಕೊಂಡು ದೊಡ್ಡದು ಮಾಡಿಸುವ ಯೋಚನೆಯಿದ್ದರೆ ಇನ್ನೊಂದು ನಿಯಮ ಗೊತ್ತಿರಲಿ: ದುರಸ್ತಿ ಅಥವಾ ವಿಸ್ತರಣೆಯ ಖರ್ಚು ಕಟ್ಟಡದ ಮಾರುಕಟ್ಟೆ ಬೆಲೆಯ ಅರ್ಧ ಮುಟ್ಟಿದರೆ ಇಡೀ ಮನೆಯನ್ನು ಈಗಿನ ನಿಯಮದ ಎತ್ತರಕ್ಕೆ ಏರಿಸಬೇಕಾಗುತ್ತದೆ.

ನೀರು ಬಂದು ಹೋಯಿತು. ಈಗೇನು ಮಾಡಬೇಕು?

ಮೊದಲು ಫೋಟೋ, ಆಮೇಲೆ ಪೊರಕೆ. ಗೋಡೆಯ ಮೇಲೆ ನೀರು ನಿಂತ ಗೆರೆ ಕಾಣುವಂತೆ, ಪಕ್ಕದಲ್ಲಿ ಅಳತೆಪಟ್ಟಿ ಹಿಡಿದು ಪ್ರತಿ ಕೋಣೆಯನ್ನೂ ತೆಗೆಯಿರಿ. ಫ್ರಿಜ್, ಒಲೆ, ವಾಷಿಂಗ್ ಮಷಿನ್ನುಗಳ ಹಿಂದಿನ ಚೀಟಿಯಲ್ಲಿರುವ ಸಂಖ್ಯೆಯ ಫೋಟೋ ಬೇಕು. ಏಜೆಂಟರಿಗೆ ಅಂದೇ ತಿಳಿಸಿ. ಒದ್ದೆ ಸಾಮಾನನ್ನು ಹೊರಗೆ ಹಾಕಲು ಲೆಕ್ಕದವನು ಬರುವವರೆಗೆ ಕಾಯಬೇಕಿಲ್ಲ, ಬೂಸ್ಟು ಕಾಯುವುದಿಲ್ಲ. ಆದರೆ ಕಾರ್ಪೆಟ್ಟು, ನೆಲಹಾಸು, ಗೋಡೆಯ ಹಲಗೆ ಒಂದೊಂದರದೂ ಒಂದು ತುಂಡನ್ನು ಕತ್ತರಿಸಿ ಚೀಲದಲ್ಲಿಟ್ಟುಕೊಳ್ಳಿ. ನಷ್ಟದ ಪಟ್ಟಿಗೆ ಸಹಿ ಹಾಕಿ ‘ಪ್ರೂಫ್ ಆಫ್ ಲಾಸ್’ ಎಂಬ ಕಾಗದವನ್ನು 60 ದಿನದೊಳಗೆ ಕೊಡಬೇಕು. ಕಟ್ಟಡಕ್ಕೂ ಸಾಮಾನಿಗೂ ಡಿಡಕ್ಟಿಬಲ್ (ನಷ್ಟದಲ್ಲಿ ನೀವೇ ಭರಿಸಬೇಕಾದ ಪಾಲು) ಬೇರೆ ಬೇರೆ ಕಳೆಯುತ್ತಾರೆ.

ಪ್ರವಾಹ ವಲಯದ ಮನೆಗೆ ಫೀಮಾದಿಂದ ದುರಸ್ತಿ ಸಹಾಯಧನ ಪಡೆದರೆ, ಮುಂದೆ ಆ ಮನೆಗೆ ವಿಮೆಯನ್ನು ನಿಲ್ಲಿಸುವಂತಿಲ್ಲ. ಮಾರಿದರೆ ಕೊಂಡವರಿಗೂ ಆ ಕಟ್ಟಳೆ ಅಂಟಿಕೊಳ್ಳುತ್ತದೆ, ಅವರಿಗೆ ಬರಹದಲ್ಲಿ ತಿಳಿಸಬೇಕು. ಪರಿಹಾರದ ಚೆಕ್ಕು ನಿಮ್ಮ ಹೆಸರಿಗೂ ಬ್ಯಾಂಕಿನ ಹೆಸರಿಗೂ ಸೇರಿ ಬರುತ್ತದೆ. ಬ್ಯಾಂಕು ಅದನ್ನು ತನ್ನಲ್ಲಿಟ್ಟುಕೊಂಡು ಕೆಲಸ ಮುಗಿದಂತೆ ಕಂತಿನಲ್ಲಿ ಬಿಡುಗಡೆ ಮಾಡುವುದು ರೂಢಿ. ನಮ್ಮ ಕೊನೆಯ ಕಂತು ಬಂದಾಗ ಮುಂದಿನ ವರ್ಷದ ನವೀಕರಣದ ಪತ್ರವೂ ಅದೇ ಅಂಚೆಯಲ್ಲಿತ್ತು.